ಎಲೆಕ್ಟ್ರಿಕ್ ಆಟೋ ಹಿಂದೆ ಟ್ರಾಲಿ ಕಟ್ಟುವ ಮುಂಚೆ

ಅಡಿಕೆ ಕೊಯ್ಲು ಶುರುವಾದರೆ ಸಾಕು, ನಮ್ಮ ವರ್ಕ್‌ಶಾಪಿಗೆ ಒಂದು ಪ್ರಶ್ನೆ ತಪ್ಪದೆ ಬರುತ್ತದೆ: "ಎಲೆಕ್ಟ್ರಿಕ್ ಗೂಡ್ಸ್ ಆಟೋ ತಗೊಂಡಿದೀನಿ, ಹಿಂದೆ ಒಂದು ಚಿಕ್ಕ ಟ್ರಾಲಿ ಹಾಕಿಕೊಡ್ತೀರಾ?" ಕೇಳುವವರ ಆಸೆ ಅರ್ಥವಾಗುತ್ತದೆ. ಎಲೆಕ್ಟ್ರಿಕ್ ಮೋಟರ್ ನಿಂತಲ್ಲಿಂದಲೇ ಪೂರ್ತಿ ಎಳೆತ ಕೊಡುತ್ತದೆ, ಕ್ಲಚ್ ಸುಡುವ ಚಿಂತೆಯೂ ಇಲ್ಲ. ಮಹೀಂದ್ರಾ ಟ್ರಿಯೋ ಜೋರ್‌ನಂಥ ಗಾಡಿಯಲ್ಲಿ 8 ಕಿಲೋವ್ಯಾಟ್ ಮೋಟರ್ ಇರುತ್ತದೆ. ಅದು 300 ಕೆಜಿ ಟ್ರಾಲಿ ಎಳೆಯಲ್ವಾ? ಎಳೆಯುತ್ತದೆ. ನನ್ನ ತಕರಾರು ಎಳೆಯುವುದರ ಬಗ್ಗೆ ಅಲ್ಲವೇ ಅಲ್ಲ.

ಸ್ವಲ್ಪ ಲೆಕ್ಕ ಹಾಕೋಣ. ಸಮತಟ್ಟಾದ ಡಾಂಬರು ರಸ್ತೆಯಲ್ಲಿ 300 ಕೆಜಿ ಟ್ರಾಲಿಯನ್ನು ಒಂದೇ ವೇಗದಲ್ಲಿ ಉರುಳಿಸಿಕೊಂಡು ಹೋಗಲು ಸುಮಾರು 5 ಕೆಜಿಯಷ್ಟು ಎಳೆತ ಸಾಕು. ಚಿಕ್ಕ ಹುಡುಗನೂ ಎಳೆದಾನು. 100 ಮೀಟರಿಗೆ 5 ಮೀಟರ್ ಏರುವ ದಿಬ್ಬ ಬಂದರೆ ಅದು 20 ಕೆಜಿ ಆಗುತ್ತದೆ. ಈಗ ಎದುರಿಗೆ ದನ ಅಡ್ಡ ಬಂತು, ಜೋರಾಗಿ ಬ್ರೇಕ್ ಒತ್ತಿದಿರಿ ಅಂದುಕೊಳ್ಳಿ. ಟ್ರಾಲಿಗೆ ಅದರದೇ ಬ್ರೇಕ್ ಇಲ್ಲದಿದ್ದರೆ ಅದು ನಿಮ್ಮ ಆಟೋವನ್ನು ಹಿಂದಿನಿಂದ 120 ಕೆಜಿಯಷ್ಟು ಬಲದಲ್ಲಿ ತಳ್ಳುತ್ತದೆ.

ನೇರ ರಸ್ತೆಯಲ್ಲಿ ಆ ತಳ್ಳು ನೇರವಾಗಿಯೇ ಇರುತ್ತದೆ, ಹೇಗೋ ನಿಂತೀರಿ. ತಿರುವಿನಲ್ಲಿ ಕತೆ ಬೇರೆ. ಆಟೋಗೂ ಟ್ರಾಲಿಗೂ ನಡುವೆ 30 ಡಿಗ್ರಿ ಕೋನ ಇದ್ದರೆ ಆ 120ರಲ್ಲಿ 60 ಕೆಜಿ ಪಕ್ಕಕ್ಕೆ ಹೋಗುತ್ತದೆ, ಅಂದರೆ ಆಟೋದ ಹಿಂಭಾಗವನ್ನು ಹೊರಕ್ಕೆ ನೂಕುತ್ತದೆ. ನಾಲ್ಕು ಚಕ್ರದ ಗಾಡಿಯಾದರೆ ತಡೆದುಕೊಳ್ಳುತ್ತಿತ್ತೋ ಏನೋ. ಮೂರು ಚಕ್ರದ್ದು ಹಾಗಲ್ಲ. ಅದು ಪಲ್ಟಿಯಾಗುವ ಗೆರೆ ಮುಂದಿನ ಒಂಟಿ ಚಕ್ರದಿಂದ ಹಿಂದಿನ ಹೊರಚಕ್ರಕ್ಕೆ ಓರೆಯಾಗಿ ಹೋಗುತ್ತದೆ. ಬ್ರೇಕ್ ಹಾಕಿದಾಗ ತೂಕ ಮುಂದಕ್ಕೆ ಸರಿಯುತ್ತದೆ, ಮುಂದೆ ಅಗಲವೇ ಇಲ್ಲ. ತೂಕ ಆ ಗೆರೆಯ ಹತ್ತಿರಕ್ಕೆ ಬರುವ ಹೊತ್ತಿಗೇ ಹಿಂದಿನಿಂದ ನೂಕು ಬೀಳುತ್ತದೆ. ಟ್ರಾಲಿ ಇಲ್ಲದೆಯೇ ರೌಂಡಾಣದಲ್ಲಿ ಒಳಚಕ್ರ ಎತ್ತುವ ಆಟೋಗಳನ್ನು ನೀವೂ ನೋಡಿರುತ್ತೀರಿ.

"ರೀಜೆನ್ ಇದೆಯಲ್ಲ ಸಾರ್, ಅದೇ ಹಿಡಿಯುತ್ತೆ" ಅನ್ನುತ್ತಾರೆ ಕೆಲವರು. ರೀಜೆನ್ ಅಂದರೆ ವೇಗ ಇಳಿಸುವಾಗ ಮೋಟರೇ ಬ್ರೇಕಿನಂತೆ ಹಿಡಿದು ಬ್ಯಾಟರಿಗೆ ಕರೆಂಟ್ ವಾಪಸ್ ಕಳಿಸುವುದು. ಅದು ಹಿಡಿಯುವುದು ಮೋಟರ್ ತಿರುಗಿಸುವ ಹಿಂದಿನ ಎರಡು ಚಕ್ರಗಳನ್ನು ಮಾತ್ರ. ಮಳೆಯಲ್ಲಿ ನೆನೆದ ರಸ್ತೆಯಲ್ಲಿ ಹಿಂಚಕ್ರ ಜಾರಿದರೆ ಟ್ರಾಲಿ ಆಟೋವನ್ನು ಅಡ್ಡಡ್ಡ ತಿರುಗಿಸಿಬಿಡುತ್ತದೆ. ಇನ್ನೊಂದು ವಿಷಯ, ಬ್ಯಾಟರಿ ಪೂರ್ತಿ ತುಂಬಿರುವಾಗ ಕರೆಂಟ್ ವಾಪಸ್ ಹೋಗಲು ಜಾಗ ಇರುವುದಿಲ್ಲ, ರೀಜೆನ್ ಕಡಿಮೆಯಾಗುತ್ತದೆ. ರಾತ್ರಿಯಿಡೀ ಚಾರ್ಜ್ ಮಾಡಿ ಬೆಳಗ್ಗೆ ಮನೆಯಿಂದಲೇ ಇಳಿಜಾರು ಶುರುವಾಗುವ ಮಲೆನಾಡಿನ ಊರುಗಳಲ್ಲಿ ಇದನ್ನು ನೆನಪಿಡಬೇಕು.

ಬ್ಯಾಟರಿಯ ಪಾಡು ಸಣ್ಣದಾಗಿ ಹೇಳಿಬಿಡುತ್ತೇನೆ. ಲೋಡ್ ಸೇರಿ ಒಂದು ಟನ್ ತೂಗುವ 48 ವೋಲ್ಟ್ ಆಟೋ ಅದೇ ದಿಬ್ಬವನ್ನು 15 ಕಿಮೀ ವೇಗದಲ್ಲಿ ಹತ್ತಲು ಹತ್ತಿರಹತ್ತಿರ 70 ಆಂಪಿಯರ್ ಎಳೆಯುತ್ತದೆ. ಟ್ರಾಲಿ ಸೇರಿದರೆ 90. ದಿಬ್ಬ ಉದ್ದವಾದರೆ ಮೋಟರಿಗೆ ಕರೆಂಟ್ ಅಳೆದು ಕೊಡುವ ಕಂಟ್ರೋಲರ್ ಬಿಸಿಯಾಗಿ ತಾನೇ ಪವರ್ ಇಳಿಸುತ್ತದೆ, ಗಾಡಿ ಅರ್ಧ ದಾರಿಯಲ್ಲಿ ತೆವಳುತ್ತದೆ. ಲೆಡ್ ಆಸಿಡ್ ಬ್ಯಾಟರಿಯ ಇ-ರಿಕ್ಷಾ ಆದರೆ ಇನ್ನೂ ಕಷ್ಟ. ಜಾಸ್ತಿ ಕರೆಂಟ್ ಎಳೆದಷ್ಟೂ ಅದು ಕೊಡುವ ಒಟ್ಟು ಚಾರ್ಜೇ ಕಡಿಮೆಯಾಗುತ್ತದೆ.

ಕಾನೂನಿನ ಕಡೆ ಬಂದರೆ, 1988ರ ಮೋಟಾರು ವಾಹನ ಕಾಯ್ದೆಯಲ್ಲಿ ಟ್ರೇಲರ್, ಅಂದರೆ ಇಂಥ ಟ್ರಾಲಿ ಕೂಡ ಒಂದು ಮೋಟಾರು ವಾಹನವೇ. ಅದಕ್ಕೆ ಬೇರೆ ನೋಂದಣಿ ಬೇಕು. ನಿಮ್ಮ ಆಟೋದ ಮ್ಯಾನ್ಯುವಲ್‌ನಲ್ಲಿ ಎಷ್ಟು ತೂಕ ಎಳೆಯಬಹುದು ಎಂದು ಬರೆದಿಲ್ಲವಾ? ಹಾಗಿದ್ದರೆ ಸೊನ್ನೆ ಎಂದೇ ಓದಿಕೊಳ್ಳಿ. ಅಪಘಾತವಾದಾಗ ಇನ್ಶೂರೆನ್ಸ್‌ನವರು ಮೊದಲು ನೋಡುವುದು ಟ್ರಾಲಿ ಸಿಕ್ಕಿಸುವ ಆ ಕೊಕ್ಕೆಯನ್ನೇ. ಹಾಗಾಗಿ ರಸ್ತೆಗೆ ಅಂತ ಕೇಳಿದರೆ ನಾನು ಹಾಕಿಕೊಡುವುದಿಲ್ಲ. ಎರಡು ಟ್ರಿಪ್ ಹೊಡೆಯಿರಿ ಎನ್ನುತ್ತೇನೆ. ಕರೆಂಟಿನ ಗಾಡಿಗೆ ಎರಡನೇ ಟ್ರಿಪ್ಪಿನ ಖರ್ಚು ತಾನೇ ಎಷ್ಟು?

ಆದರೆ ಕಾಂಪೌಂಡ್ ಒಳಗಿನ ಕೆಲಸಕ್ಕೆ ಇದು ನಿಜಕ್ಕೂ ಒಳ್ಳೆಯ ಜೋಡಿ. ಕಾರ್ಖಾನೆಗಳಲ್ಲಿ ಮೂರು ಚಕ್ರದ ಎಲೆಕ್ಟ್ರಿಕ್ ಟೋ ಟ್ರಕ್‌ಗಳು ಟನ್‌ಗಟ್ಟಲೆ ಸರಕಿನ ಗಾಡಿಗಳನ್ನು ಸಾಲಾಗಿ ಎಳೆಯುತ್ತವೆ. ಅವು ಹುಟ್ಟಿದ್ದೇ ಅದಕ್ಕೆ: ಮೈ ಭಾರ, ಕೊಕ್ಕೆ ತಗ್ಗು, ನೆಲ ಸಮ, ವೇಗ ನಡಿಗೆಗಿಂತ ಸ್ವಲ್ಪ ಹೆಚ್ಚು. ನರ್ಸರಿ, ಅಡಿಕೆ ಒಣಗಿಸುವ ಅಂಗಳ, ಗೋದಾಮು, ಇಂಥ ಕಡೆ 10 ಕಿಮೀ ವೇಗ ದಾಟದೆ ಓಡಿಸುತ್ತೇನೆ ಅನ್ನುವವರಿಗೆ ನಾನು ಮಾಡಿಕೊಡುತ್ತೇನೆ.

ಮಾಡುವಾಗ ಕೊಕ್ಕೆಯ ಎತ್ತರ ಹಿಂದಿನ ಆಕ್ಸಲ್ ಮಟ್ಟಕ್ಕಿಂತ ಮೇಲೆ ಹೋಗಬಾರದು. ಮೇಲೆ ಹೋದಷ್ಟೂ ಟ್ರಾಲಿಯ ತಳ್ಳು ಆಟೋವನ್ನು ಮೂತಿಯ ಕಡೆಗೆ ಬಗ್ಗಿಸುತ್ತದೆ. ಲೋಡನ್ನು ಟ್ರಾಲಿಯ ಆಕ್ಸಲ್‌ಗಿಂತ ಸ್ವಲ್ಪ ಮುಂದಕ್ಕೆ ಜೋಡಿಸಿ. ಟ್ರಾಲಿ ತೂಕದ ಹತ್ತರಲ್ಲಿ ಒಂದು ಪಾಲು ಕೊಕ್ಕೆಯ ಮೇಲೆ ಕೂತರೆ ಸರಿ. ನೋಡುವುದು ಸುಲಭ, ಕೊಕ್ಕೆಯಷ್ಟೇ ಎತ್ತರ ಬರುವಂತೆ ಸ್ಟೂಲು ಹಾಕಿ, ಮೇಲೆ ಮೈತೂಕದ ಮಷೀನ್ ಇಟ್ಟು, ಅದರ ಮೇಲೆ ಟ್ರಾಲಿಯ ಮೂಕಿ (ಕೊಕ್ಕೆಗೆ ಸಿಕ್ಕಿಸುವ ಮುಂದಿನ ದಂಡ) ಕೂರಿಸಿ. 300 ಕೆಜಿ ಟ್ರಾಲಿಗೆ 30 ತೋರಿಸಬೇಕು. ಕಡಿಮೆ ತೋರಿಸಿದರೆ ಚೀಲ ಮುಂದಕ್ಕೆ ಸರಿಸಿ. ಲೋಡ್ ಪೂರ್ತಿ ಹಿಂದೆ ಬಿದ್ದರೆ ಮೂಕಿ ಮೇಲೇಳುತ್ತದೆ, ಆಟೋದ ಹಿಂಚಕ್ರದ ಹಿಡಿತ ಹೋಗುತ್ತದೆ, ಟ್ರಾಲಿ ಬಾಲ ಅಲ್ಲಾಡಿಸಲು ಶುರುಮಾಡುತ್ತದೆ.

ದುಡ್ಡಿದ್ದರೆ ಓವರ್‌ರನ್ ಬ್ರೇಕ್ ಹಾಕಿಸಿ. ಟ್ರಾಲಿ ಮುಂದಕ್ಕೆ ತಳ್ಳಿದಾಗ ಮೂಕಿ ಒಳಕ್ಕೆ ಕುಗ್ಗಿ, ಕೇಬಲ್ ಎಳೆದು, ಟ್ರಾಲಿಯದೇ ಡ್ರಮ್ ಬ್ರೇಕ್ ಹಿಡಿಯುತ್ತದೆ. ಯುರೋಪಿನಲ್ಲಿ 750 ಕೆಜಿ ದಾಟಿದ ಟ್ರೇಲರ್‌ಗೆ ಬ್ರೇಕ್ ಕಡ್ಡಾಯ. ಅಲ್ಲಿ ಎಳೆಯುವುದು ಕಾರು, ನಮ್ಮದು ಆಟೋ. ಅಷ್ಟು ತೂಕದವರೆಗೆ ಕಾಯಬೇಡಿ.

ವೆಲ್ಡಿಂಗ್ ಬಗ್ಗೆ ಒಂದು ಮಾತು. ಊರಿನ ಗ್ರಿಲ್ ಅಂಗಡಿಯಲ್ಲಿ ಬಂಪರ್‌ಗೇ ಕೊಕ್ಕೆ ಅಂಟಿಸಿಕೊಂಡು ಬರುವ ಗಾಡಿಗಳ ಬೆಸುಗೆಯ ಅಂಚಿನಲ್ಲಿ ಕೂದಲೆಳೆಯಂಥ ಬಿರುಕು, ಅದರೊಳಗಿಂದ ಇಳಿದ ತುಕ್ಕಿನ ಗೆರೆ ಕಾಣುತ್ತದೆ. ಬಂಪರ್ ತೆಳು ತಗಡು, ಕೊಕ್ಕೆ ಇರಬೇಕಾದ್ದು ಚಾಸಿಯ ಎರಡೂ ಉದ್ದ ಪಟ್ಟಿಗಳಿಗೆ ಬೋಲ್ಟ್ ಆದ ಅಡ್ಡಪಟ್ಟಿಯ ಮೇಲೆ. ವೆಲ್ಡ್ ಮಾಡಲೇಬೇಕು ಅಂದರೆ ಆ ಅಡ್ಡಪಟ್ಟಿಯನ್ನು ಗಾಡಿಯಿಂದ ಬಿಚ್ಚಿ, ಹೊರಗಿಟ್ಟು ಮಾಡಿಸಿ. ಬ್ಯಾಟರಿ, ಕಂಟ್ರೋಲರ್ ಕನೆಕ್ಷನ್ ಇದ್ದಂತೆಯೇ ಚಾಸಿಗೆ ವೆಲ್ಡಿಂಗ್ ಕರೆಂಟ್ ಬಿಟ್ಟರೆ ಕಂಟ್ರೋಲರ್ ಬೋರ್ಡ್ ಸುಡಬಹುದು, ಆ ರಿಪೇರಿಯ ಬಿಲ್ಲು ಟ್ರಾಲಿಯ ಬೆಲೆಯನ್ನೂ ದಾಟೀತು.