ಆತಂಕ, ಗಮನ, ತೀರ್ಮಾನ: ಮನಶ್ಶಾಸ್ತ್ರದ ಸಹಪಾಠಿಗಳಿಗೆ ಕೆಲವು ಟಿಪ್ಪಣಿಗಳು

ಆತಂಕದ ಬಗ್ಗೆ ಪ್ರಶ್ನೆ ಬಂದೊಡನೆ ನಮ್ಮಲ್ಲಿ ಹೆಚ್ಚಿನವರು ಉತ್ತರಪತ್ರಿಕೆಯಲ್ಲಿ ಮೊದಲು ಬಿಡಿಸುವುದು ಮಗುಚಿದ ‘ಯು’ ಆಕಾರದ ರೇಖೆಯನ್ನು. ಉದ್ರೇಕ, ಅಂದರೆ ಮೈಮನಸ್ಸು ಎಚ್ಚೆತ್ತು ಬಿಗಿಗೊಳ್ಳುವ ಮಟ್ಟ, ತೀರಾ ಕಡಿಮೆಯಾದರೂ ತೀರಾ ಹೆಚ್ಚಾದರೂ ಕೆಲಸ ಕೆಡುತ್ತದೆ, ಹದವಾಗಿದ್ದಾಗ ಚೆನ್ನಾಗಿ ಸಾಗುತ್ತದೆ ಎನ್ನುವ ಈ ರೇಖೆಗೆ ಯರ್ಕ್ಸ್ ಮತ್ತು ಡಾಡ್ಸನ್ ಅವರ ಹೆಸರಿದೆ. ಆದರೆ 1908ರಲ್ಲಿ ಅವರಿಬ್ಬರು ಅಳೆದದ್ದು ಮನುಷ್ಯರ ಆತಂಕವನ್ನಲ್ಲ. ಕಪ್ಪು ಪೆಟ್ಟಿಗೆಗೆ ಹೊಕ್ಕರೆ ವಿದ್ಯುತ್ ಆಘಾತ ತಗಲುವ, ಬಿಳಿ ಪೆಟ್ಟಿಗೆಗೆ ಹೊಕ್ಕರೆ ತಗಲದ ಏರ್ಪಾಡಿನಲ್ಲಿ ಇಲಿಗಳು ಎಷ್ಟು ಬೇಗ ಕಲಿಯುತ್ತವೆ ಎಂಬುದನ್ನು. ಎರಡು ಪೆಟ್ಟಿಗೆಗಳ ವ್ಯತ್ಯಾಸ ಸ್ಪಷ್ಟವಾಗಿ ಕಾಣುವಂತೆ ಬೆಳಕನ್ನು ಹೊಂದಿಸಿದಾಗ ಆಘಾತ ಹೆಚ್ಚಿದಷ್ಟೂ ಕಲಿಕೆ ಬೇಗವಾಯಿತು. ವ್ಯತ್ಯಾಸ ಗುರುತಿಸುವುದು ಕಷ್ಟವಾದಾಗ ಮಾತ್ರ ಹದವಾದ ಆಘಾತ ಮೇಲೆನಿಸಿತು. ಒಂದೊಂದು ಗುಂಪಿನಲ್ಲಿದ್ದ ಇಲಿಗಳೂ ಬೆರಳೆಣಿಕೆಯಷ್ಟೇ. ಹಾಗಾಗಿ ಕೆಲಸದ ಕಷ್ಟವನ್ನು ಹೇಳದೆ ಬರೀ ರೇಖೆಯನ್ನು ಬಿಡಿಸಿದರೆ ಮೂಲ ಪ್ರಯೋಗದ ಅರ್ಧ ಭಾಗವೇ ಬಿಟ್ಟುಹೋಗುತ್ತದೆ. ಪಠ್ಯದಲ್ಲಿ ಆತಂಕದ ಅಧ್ಯಾಯವನ್ನು ಓದುವಾಗ ಉದ್ರೇಕ ಎಷ್ಟಿತ್ತು ಎಂಬುದಕ್ಕಿಂತ, ಗಮನ ಎಲ್ಲಿಗೆ ಹೋಯಿತು ಮತ್ತು ಒಳಗಿನ ಭಾವವನ್ನು ವ್ಯಕ್ತಿ ಯಾವುದಕ್ಕೆ ಸಾಕ್ಷಿಯೆಂದು ತೆಗೆದುಕೊಂಡ ಎಂಬ ಎರಡು ಪ್ರಶ್ನೆಗಳನ್ನು ಕೈಯಲ್ಲಿ ಹಿಡಿದುಕೊಳ್ಳುವುದು ಹೆಚ್ಚು ಉಪಯುಕ್ತ ಎಂಬುದು ನನ್ನ ಅಭಿಪ್ರಾಯ.

ಮೊದಲ ಪ್ರಶ್ನೆಗೆ ಹಳೆಯ ಉತ್ತರವೊಂದನ್ನು ಈಸ್ಟರ್‌ಬ್ರೂಕ್ 1959ರಲ್ಲಿ ಕೊಟ್ಟರು. ಉದ್ರೇಕ ಏರಿದಂತೆ ವ್ಯಕ್ತಿ ಬಳಸಿಕೊಳ್ಳುವ ಸುಳಿವುಗಳ ವ್ಯಾಪ್ತಿ ಕಿರಿದಾಗುತ್ತದೆ. ಮೊದಲು ಕಳಚಿಕೊಳ್ಳುವುದು ಕೆಲಸಕ್ಕೆ ಬೇಡವಾದ ಸುಳಿವುಗಳಾದ್ದರಿಂದ ಒಂದು ಹಂತದವರೆಗೆ ಲಾಭವೇ ಆಗುತ್ತದೆ, ಅದರಾಚೆಗೆ ಬೇಕಾದ ಸುಳಿವುಗಳೂ ಕೈತಪ್ಪುತ್ತವೆ. ಸುಲಭದ ಕೆಲಸಕ್ಕೆ ಎರಡು ಮೂರು ಸುಳಿವುಗಳು ಸಾಕು, ಕಷ್ಟದ ಕೆಲಸಕ್ಕೆ ಹಲವು ಬೇಕು ಎಂದು ಸೇರಿಸಿಕೊಂಡರೆ ಮೇಲಿನ ಇಲಿಗಳ ಫಲಿತಾಂಶವೂ ಅರ್ಥವಾಗುತ್ತದೆ. ಎಲಿಜಬೆತ್ ಲಾಫ್ಟಸ್ ಮತ್ತು ಸಂಗಡಿಗರು 1987ರಲ್ಲಿ ಪ್ರಕಟಿಸಿದ ಪ್ರಯೋಗ ಇದೇ ಜಾಡಿನದು: ಹೋಟೆಲಿನ ಕೌಂಟರಿನ ಮುಂದೆ ನಿಂತ ಗ್ರಾಹಕನ ಕೈಯಲ್ಲಿ ಒಂದು ಚಿತ್ರಸರಣಿಯಲ್ಲಿ ಚೆಕ್, ಇನ್ನೊಂದರಲ್ಲಿ ಪಿಸ್ತೂಲು ಇತ್ತು. ನೋಡುಗರ ಕಣ್ಣು ಪಿಸ್ತೂಲಿನ ಮೇಲೆ ಹೆಚ್ಚು ಸಲ, ಹೆಚ್ಚು ಹೊತ್ತು ನಿಂತಿತು. ಉಳಿದ ವಿವರಗಳ ನೆನಪು ಕುಂದಿತು.

ಆದರೆ ಆತಂಕ ಗಮನವನ್ನು ಕಿರಿದು ಮಾಡುತ್ತದೆ ಎಂಬಷ್ಟಕ್ಕೇ ನಿಂತರೆ, ಪರೀಕ್ಷೆಯ ಹಿಂದಿನ ರಾತ್ರಿ ಪುಟ ತೆರೆದಿದ್ದರೂ ಮನಸ್ಸು ಬೇರೆಲ್ಲೋ ಅಲೆಯುವುದನ್ನು ವಿವರಿಸಲಾಗುವುದಿಲ್ಲ. ಇಲ್ಲಿ 1986ರಲ್ಲಿ ಮ್ಯಾಕ್‌ಲಿಯಡ್, ಮ್ಯಾಥ್ಯೂಸ್ ಮತ್ತು ಟಾಟಾ ರೂಪಿಸಿದ ಡಾಟ್ ಪ್ರೋಬ್ ವಿಧಾನ ಮುಖ್ಯವಾಗುತ್ತದೆ. ಪರದೆಯಲ್ಲಿ ಒಂದರ ಕೆಳಗೊಂದು ಎರಡು ಪದಗಳು ಅರ್ಧ ಸೆಕೆಂಡಿನಷ್ಟು ಕಾಣಿಸುತ್ತವೆ. ಒಂದು ಬೆದರಿಕೆಯದು, ಇನ್ನೊಂದು ತಟಸ್ಥ. ಅವು ಮರೆಯಾದ ಮೇಲೆ ಒಂದು ಪದವಿದ್ದ ಜಾಗದಲ್ಲಿ ಚುಕ್ಕೆ ಮೂಡುತ್ತದೆ, ಕಂಡೊಡನೆ ಗುಂಡಿ ಒತ್ತಬೇಕು. ಆತಂಕದ ತೊಂದರೆಯಿದ್ದವರು ಬೆದರಿಕೆಯ ಪದವಿದ್ದ ಜಾಗದಲ್ಲಿ ಮೂಡಿದ ಚುಕ್ಕೆಯನ್ನು ಬೇಗ ಕಂಡರು, ಅಂದರೆ ಅವರ ಗಮನ ಆಗಲೇ ಅಲ್ಲಿತ್ತು. 2007ರಲ್ಲಿ ಬಾರ್‌–ಹೈಮ್ ಮತ್ತು ಸಂಗಡಿಗರು 172 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗಲೂ ಆತಂಕವುಳ್ಳವರಲ್ಲಿ ಈ ವಾಲಿಕೆ ಕಂಡುಬಂತು, ಇಲ್ಲದವರಲ್ಲಿ ಕಾಣಲಿಲ್ಲ. ಪರಿಣಾಮದ ಗಾತ್ರ (ವಾಲಿಕೆ ಎಷ್ಟು ದೊಡ್ಡದು ಎಂಬುದರ ಅಳತೆ) 0.45, ಅಂದರೆ ಮಧ್ಯಮಕ್ಕಿಂತ ತುಸು ಕೆಳಗೆ. ಗಮನ ಬೆದರಿಕೆಯತ್ತ ಬೇಗ ಓಡುತ್ತದೆಯೋ, ಅಥವಾ ಹೋದ ಮೇಲೆ ಅಲ್ಲಿಂದ ಬಿಡಿಸಿಕೊಳ್ಳಲಾರದೆ ಉಳಿಯುತ್ತದೆಯೋ ಎಂಬುದು ಬೇರೆಯೇ ಪ್ರಶ್ನೆ. ಇಲೇನ್ ಫಾಕ್ಸ್ ಮತ್ತು ಸಂಗಡಿಗರ 2001ರ ಪ್ರಯೋಗಗಳು ಎರಡನೆಯದರ ಕಡೆಗೆ ಬೊಟ್ಟು ಮಾಡುತ್ತವೆ.

ಗಮನದ ವಾಲಿಕೆಯನ್ನು ಅರ್ಥೈಸುವಿಕೆಯ ವಾಲಿಕೆಯೊಡನೆ ಬೆರೆಸಬಾರದು. ನಮ್ಮಲ್ಲಿ ವೇದಾಂತದ ಪಾಠ ಕೇಳಿದವರಿಗೆಲ್ಲ ಪರಿಚಿತವಾದ ಹಗ್ಗ–ಹಾವಿನ ದೃಷ್ಟಾಂತವನ್ನೇ ತೆಗೆದುಕೊಳ್ಳಬಹುದು. ಮುಸ್ಸಂಜೆಯಲ್ಲಿ ಅಡಿಕೆ ತೋಟದ ದಾರಿಯಲ್ಲಿ ಉಳಿದೆಲ್ಲವನ್ನೂ ಬಿಟ್ಟು ಆ ಉದ್ದನೆಯ ವಸ್ತುವಿನ ಮೇಲೆ ಕಣ್ಣು ಹೋದದ್ದು ಗಮನದ ಮಾತು. ಅದು ಹಾವೇ ಎಂದು ತೀರ್ಮಾನಿಸಿ ಹೆಜ್ಜೆ ಹಿಂದಿಟ್ಟದ್ದು ಅರ್ಥೈಸುವಿಕೆಯ ಮಾತು. ಎರಡನೆಯದನ್ನು ಅಳೆಯಲು ಐಸೆಂಕ್ ಮತ್ತು ಸಂಗಡಿಗರು 1991ರಲ್ಲಿ ಎರಡರ್ಥ ಬರುವ ವಾಕ್ಯಗಳನ್ನು ಬಳಸಿದರು. ನಮ್ಮ ಕಾಲೇಜಿನ ಸಂದರ್ಭಕ್ಕೆ ಹೇಳುವುದಾದರೆ “ವಿಭಾಗದ ಮುಖ್ಯಸ್ಥರು ನಾಳೆ ಬಂದು ಕಾಣಲು ಹೇಳಿದ್ದಾರೆ” ಎಂಬಂಥ ವಾಕ್ಯ. ಆತಂಕದಿಂದ ಬಳಲುತ್ತಿದ್ದವರು ಇಂಥವನ್ನು ಕೆಡುಕಿನ ಅರ್ಥದಲ್ಲಿ ಹೆಚ್ಚು ತೆಗೆದುಕೊಂಡರು. ಗುಣಮುಖರಾದವರು ಮಾತ್ರ ಸಾಮಾನ್ಯರಂತೆಯೇ ಓದಿಕೊಂಡರು. ಈ ಕೊನೆಯ ಅಂಶವನ್ನು ಬಿಟ್ಟುಬಿಡಬೇಡಿ, ಏಕೆಂದರೆ ಇಂಥ ಓದು ಹುಟ್ಟುಗುಣವಲ್ಲ, ಆತಂಕದ ಸ್ಥಿತಿಯೊಂದಿಗೆ ಬಂದು ಹೋಗಬಲ್ಲದು ಎಂಬುದನ್ನು ಅದು ಸೂಚಿಸುತ್ತದೆ.

ಪರೀಕ್ಷೆಯ ವಿಚಾರಕ್ಕೆ ಬಂದರೆ ಐಸೆಂಕ್, ದೆರಕ್ಷಾನ್ ಮತ್ತಿತರರು 2007ರಲ್ಲಿ ಮಂಡಿಸಿದ ಗಮನ ನಿಯಂತ್ರಣ ಸಿದ್ಧಾಂತವೇ ನಮಗೆ ಹೆಚ್ಚು ಕೆಲಸಕ್ಕೆ ಬರುತ್ತದೆ. ಗುರಿಯನ್ನು ಹಿಡಿದು ನಡೆಯುವ ಗಮನ ಮತ್ತು ಹೊರಗಿನದೋ ಒಳಗಿನದೋ ಪ್ರಚೋದನೆ ಎಳೆದತ್ತ ಹೋಗುವ ಗಮನ, ಇವೆರಡರ ನಡುವಣ ಸಮತೋಲವನ್ನು ಆತಂಕ ಎರಡನೆಯದರ ಕಡೆಗೆ ಬಗ್ಗಿಸುತ್ತದೆ ಎಂಬುದು ಅದರ ತಿರುಳು. ಅದಕ್ಕಿಂತಲೂ ಮುಖ್ಯವೆಂದು ನನಗೆ ತೋರುವುದು 1992ರಲ್ಲಿ ಬಂದಿದ್ದ ತನ್ನ ಹಿಂದಿನ ರೂಪದಿಂದ ಅದು ಉಳಿಸಿಕೊಂಡ ಭೇದ: ಉತ್ತರ ಸರಿಯಾಗಿದೆಯೇ ಎಂಬುದು ಒಂದು, ಆ ಉತ್ತರಕ್ಕೆ ಎಷ್ಟು ಶ್ರಮ ತಗಲಿತು ಎಂಬುದು ಇನ್ನೊಂದು. ಆತಂಕ ಮೊದಲು ಕೆಡಿಸುವುದು ಎರಡನೆಯದನ್ನು. ಇಬ್ಬರು ವಿದ್ಯಾರ್ಥಿಗಳು ಸಮಾನ ಅಂಕ ಪಡೆದಿರಬಹುದು, ಆದರೆ ಒಬ್ಬಳು ಪ್ರತಿ ಪ್ರಶ್ನೆಯನ್ನೂ ಮತ್ತೆ ಮತ್ತೆ ಓದಿ, ಗಡಿಯಾರ ನೋಡಿ, ಕಾರ್ಯಸ್ಮೃತಿಯ (ಕೆಲಸ ಮಾಡುವಾಗ ವಿಷಯಗಳನ್ನು ತಾತ್ಕಾಲಿಕವಾಗಿ ಹಿಡಿದಿಡುವ ನೆನಪಿನ) ಒಂದು ಪಾಲನ್ನು ಚಿಂತೆಗೆ ಕೊಟ್ಟು ಅಲ್ಲಿಗೆ ತಲುಪಿರುತ್ತಾಳೆ. ಸಮಯದ ಒತ್ತಡವಿರುವ ಪ್ರವೇಶ ಪರೀಕ್ಷೆಗಳಲ್ಲಿ ಈ ಹೆಚ್ಚಿನ ಶ್ರಮ ಅಂಕಗಳ ನಷ್ಟವಾಗಿ ಹೊರಬೀಳುತ್ತದೆ. ಲೀಬರ್ಟ್ ಮತ್ತು ಮಾರಿಸ್ 1967ರಲ್ಲೇ ಪರೀಕ್ಷಾ ಆತಂಕವನ್ನು ಚಿಂತೆ ಮತ್ತು ದೈಹಿಕ ಕಳವಳ ಎಂದು ಬೇರ್ಪಡಿಸಿದ್ದರು. ಅಂಕಗಳಿಗೆ ಹೆಚ್ಚು ಅಡ್ಡಿಯಾಗುವುದು ಚಿಂತೆ, ಎದೆಬಡಿತವೋ ಅಂಗೈ ಬೆವರುವುದೋ ಅಷ್ಟಾಗಿ ಅಲ್ಲ. ಪರೀಕ್ಷೆಗೆ ಮುನ್ನ ಹತ್ತು ನಿಮಿಷ ತನ್ನ ಚಿಂತೆಗಳನ್ನು ಬರೆದರೆ ಫಲಿತಾಂಶ ಸುಧಾರಿಸುತ್ತದೆ ಎಂಬ ರಾಮಿರೆಜ್ ಮತ್ತು ಬೈಲಾಕ್ ಅವರ 2011ರ ವರದಿ ಬಹಳ ಪ್ರಚಾರ ಪಡೆದಿದೆ. ಆದರೆ 2018ರಲ್ಲಿ ಪ್ರಕಟವಾದ, ಹೆಸರಾಂತ ಪತ್ರಿಕೆಗಳ 21 ಪ್ರಯೋಗಗಳನ್ನು ಮರಳಿ ಮಾಡಿನೋಡಿದ ಯೋಜನೆಯಲ್ಲಿ ಈ ಫಲಿತಾಂಶ ಮರುಕಳಿಸಲಿಲ್ಲ. ಉಲ್ಲೇಖಿಸುವವರು ಎರಡನ್ನೂ ಉಲ್ಲೇಖಿಸಬೇಕು.

ಇನ್ನು ತೀರ್ಮಾನದ ಪ್ರಶ್ನೆ. ಶ್ವಾರ್ಜ್ ಮತ್ತು ಕ್ಲೋರ್ 1983ರಲ್ಲಿ ಅಮೆರಿಕದಲ್ಲಿ ಬಿಸಿಲಿನ ದಿನ ಕೆಲವರಿಗೆ, ಮಳೆಯ ದಿನ ಕೆಲವರಿಗೆ ದೂರವಾಣಿ ಕರೆ ಮಾಡಿ ಬದುಕು ಒಟ್ಟಾರೆ ಎಷ್ಟು ತೃಪ್ತಿಕರವಾಗಿದೆ ಎಂದು ಕೇಳಿದರು. ಮಳೆಯ ದಿನ ತೃಪ್ತಿ ಕಡಿಮೆಯಿತ್ತು. ಕರೆ ಮಾಡಿದವರು ಮೊದಲು ಹವಾಮಾನದ ಮಾತೆತ್ತಿದಾಗ ಆ ವ್ಯತ್ಯಾಸ ಅಳಿಸಿಹೋಯಿತು. ಬೇಸರ ಬಂದದ್ದು ಮೋಡದಿಂದ ಎಂದು ತಿಳಿದಾಗ ಅದನ್ನು ಬದುಕಿನ ಲೆಕ್ಕಕ್ಕೆ ಬರೆಯುವುದು ನಿಲ್ಲುತ್ತದೆ ಎಂಬುದು ಅವರ ವಿವರಣೆ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ, ಮೇ ತಿಂಗಳ ಸೆಕೆಯಲ್ಲಿ ಬೆಂದು ಮೊದಲ ಮಳೆಗೆ ಕಾಯುವ ಮಂಗಳೂರಿನಲ್ಲಿ ಇದೇ ಪ್ರಯೋಗ ತಿರುವುಮುರುವಾದರೂ ಆಶ್ಚರ್ಯವಿಲ್ಲ. ಹತ್ತು ಲಕ್ಷಕ್ಕೂ ಮಿಕ್ಕಿದ ಅಮೆರಿಕನ್ನರ ಉತ್ತರಗಳನ್ನು ಆಧರಿಸಿದ 2013ರ ವಿಶ್ಲೇಷಣೆಯಲ್ಲಿ ದಿನದ ಹವಾಮಾನಕ್ಕೂ ಜೀವನತೃಪ್ತಿಗೂ ಗಮನಾರ್ಹ ನಂಟು ಸಿಕ್ಕಿಲ್ಲ. ಒಳಗಿನ ಭಾವವನ್ನೇ ಸಾಕ್ಷಿಯಾಗಿ ತೆಗೆದುಕೊಂಡು ತೀರ್ಮಾನಿಸುತ್ತೇವೆ ಎಂಬ ತತ್ತ್ವಕ್ಕೆ ಬೇರೆ ಆಧಾರಗಳಿವೆ, ಈ ಉದಾಹರಣೆ ಮಾತ್ರ ದುರ್ಬಲ. ಉತ್ತಮ ಆಧಾರವೆಂದರೆ ಜಾನ್ಸನ್ ಮತ್ತು ಟ್ವರ್ಸ್ಕಿ ಅದೇ 1983ರಲ್ಲಿ ಪ್ರಕಟಿಸಿದ್ದು: ಒಬ್ಬರ ಸಾವಿನ ಪತ್ರಿಕಾವರದಿ ಓದಿದವರು ಅದೇ ಬಗೆಯ ಸಾವಿನ ಸಂಭವವನ್ನಷ್ಟೇ ಅಲ್ಲ, ಅದಕ್ಕೆ ಸಂಬಂಧವೇ ಇಲ್ಲದ ಅಪಾಯಗಳ ಸಂಭವವನ್ನೂ ಹೆಚ್ಚಾಗಿ ಅಂದಾಜಿಸಿದರು. ಶಿರಾಡಿ ಘಾಟಿಯ ಅಪಘಾತದ ಸುದ್ದಿ ಓದಿ ಎದ್ದವರಿಗೆ ಡೆಂಗಿಯ ಭಯವೂ ಹೆಚ್ಚಾಗುವಂತೆ.

ಕೆಟ್ಟ ಭಾವಗಳೆಲ್ಲ ಒಂದೇ ದಿಕ್ಕಿಗೆ ಎಳೆಯುತ್ತವೆ ಎಂದೂ ಬರೆಯಬಾರದು. ಲರ್ನರ್ ಮತ್ತು ಕೆಲ್ಟ್ನರ್ 2000 ಮತ್ತು 2001ರಲ್ಲಿ ತೋರಿಸಿದಂತೆ ಭಯ ಅಪಾಯವನ್ನು ಹಿಗ್ಗಿಸುತ್ತದೆ, ಸಿಟ್ಟು ಕುಗ್ಗಿಸುತ್ತದೆ. ಭಯದಲ್ಲಿ ಅನಿಶ್ಚಯವಿದೆ, ಸಿಟ್ಟಿನಲ್ಲಿ ಎಲ್ಲ ತನ್ನ ಹಿಡಿತದಲ್ಲಿದೆಯೆಂಬ ಭಾವವಿದೆ. ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಬಸ್ಸೊಂದು ತಾಗುವಂತೆ ಹಾದುಹೋದಾಗ ಹೆದರಿದ ಸವಾರ ಬದಿಗೆ ಸರಿದರೆ, ಸಿಟ್ಟಾದವ ಅದನ್ನೇ ಹಿಂದಿಕ್ಕಲು ಹೊರಡುತ್ತಾನೆ.

ಕೊನೆಯದಾಗಿ, ಪ್ರಾಯೋಗಿಕ ತರಗತಿಯಲ್ಲಿ ಡಾಟ್ ಪ್ರೋಬನ್ನು ಕನ್ನಡದಲ್ಲಿ ಮಾಡಹೊರಟವರಿಗೆ ಒಂದೆರಡು ಮಾತು. ಬೆದರಿಕೆಯ ಪದ ಮತ್ತು ತಟಸ್ಥ ಪದ ಉದ್ದದಲ್ಲಿ, ಬಳಕೆಯ ಪರಿಚಯದಲ್ಲಿ, ಒತ್ತಕ್ಷರಗಳ ದಟ್ಟಣೆಯಲ್ಲಿ ಸಮನಾಗಿರಬೇಕು, ಇಲ್ಲವಾದರೆ ಕಣ್ಣನ್ನು ಎಳೆದದ್ದು ಅರ್ಥವೋ ಅಕ್ಷರದ ಆಕಾರವೋ ತಿಳಿಯುವುದಿಲ್ಲ. ಶ್ಮುಕ್ಲೆ 2005ರಲ್ಲಿ ತೋರಿಸಿದಂತೆ ಸಾಮಾನ್ಯ ಜನರಲ್ಲಿ ಈ ಅಳತೆಯ ವಿಶ್ವಾಸಾರ್ಹತೆ (ಒಬ್ಬರನ್ನೇ ಮತ್ತೆ ಅಳೆದರೂ ಅಂಕ ಹೊಂದುವ ಗುಣ) ಬಹಳ ಕಡಿಮೆಯಾದ್ದರಿಂದ ಗುಂಪುಗಳನ್ನು ಹೋಲಿಸಬಹುದೇ ಹೊರತು, ಒಬ್ಬ ಸಹಪಾಠಿಯ ಅಂಕ ನೋಡಿ ಆತಂಕವುಳ್ಳವಳೆಂದು ಹೇಳುವಂತಿಲ್ಲ. ನಮ್ಮ ತರಗತಿಗಳಿಗೆ ವಿಶೇಷವಾದ ತೊಡಕೂ ಒಂದಿದೆ: ಇಲ್ಲಿನ ಅನೇಕರ ಮನೆಮಾತು ತುಳು, ಕೊಂಕಣಿ ಅಥವಾ ಬ್ಯಾರಿ. ಟರ್ಕಿಷ್ ಮಾತೃಭಾಷೆಯ, ಇಂಗ್ಲಿಷನ್ನು ಆಮೇಲೆ ಕಲಿತವರ ಚರ್ಮದ ವಿದ್ಯುದ್ವಾಹಕತೆಯನ್ನು (ಭಾವ ಕೆರಳಿದಾಗ ಇದು ಹೆಚ್ಚುತ್ತದೆ) ಅಳೆದ 2003ರ ಅಧ್ಯಯನದಲ್ಲಿ ಬೈಗುಳದ ಮಾತು ಮಾತೃಭಾಷೆಯಲ್ಲಿ ಹೆಚ್ಚು ತಟ್ಟಿತ್ತು. ಹಾಗಿದ್ದ ಮೇಲೆ ಕನ್ನಡದ ಬೆದರಿಕೆಯ ಪದ ಎಲ್ಲರಿಗೂ ಒಂದೇ ತೂಕದ ಬೆದರಿಕೆಯಾಗಿರಬೇಕಿಲ್ಲ. ಪದಗಳ ಬದಲು ಮುಖಭಾವದ ಚಿತ್ರಗಳನ್ನು ಬಳಸಬಹುದು. ಪದಗಳನ್ನೇ ಬಳಸುವುದಾದರೆ ಪ್ರಯೋಗಕ್ಕೆ ಕುಳಿತವರ ಮನೆಮಾತನ್ನು ಮೊದಲೇ ಕೇಳಿ ದಾಖಲೆಯಲ್ಲಿ ಬರೆದುಕೊಂಡು, ವಿಶ್ಲೇಷಣೆಯಲ್ಲಿ ಆ ಗುಂಪುಗಳನ್ನು ಬೇರೆ ಬೇರೆಯಾಗಿ ನೋಡಬೇಕು.