ಫ್ಯಾಕ್ಟರಿ: ಅದು ಕಾರ್ಖಾನೆ ಅಲ್ಲ

‘1613ರಲ್ಲಿ ಇಂಗ್ಲಿಷರು ಸೂರತ್‌ನಲ್ಲಿ ಕಾರ್ಖಾನೆ ತೆರೆದರು.’ ಇಂಗ್ಲಿಷಿನ ‘ಫ್ಯಾಕ್ಟರಿ’ಯನ್ನು ಕಾರ್ಖಾನೆ ಮಾಡಿದ ಈ ವಾಕ್ಯ ಓದಿ ಓದಿ ಸಾಕಾಗಿದೆ. ಮೊನ್ನೆ ಒಂದು ಪರೀಕ್ಷಾ ಕೈಪಿಡಿಯಲ್ಲಿ ಅದು ‘ಬಟ್ಟೆ ಕಾರ್ಖಾನೆ’ಯೇ ಆಗಿಬಿಟ್ಟಿತ್ತು. ಅಲ್ಲಿ ಮಗ್ಗ ಹಾಕಿ ನೇಯಿಸಲು ಇಂಗ್ಲಿಷರು ಬಂದಿರಲಿಲ್ಲ. ಬೇರೆಯವರು ನೇಯ್ದದ್ದನ್ನು ಕೊಂಡು, ಕೂಡಿಟ್ಟು, ಹಡಗಿಗೆ ತುಂಬುತ್ತಿದ್ದರು.

‘ಫ್ಯಾಕ್ಟರಿ’ಯ ಬೇರು ‘ಫಾಕ್ಟರ್’, ಲ್ಯಾಟಿನ್‌ನಲ್ಲಿ ಹಾಗಂದರೆ ಮಾಡುವವನು. ವ್ಯಾಪಾರಿಗಳ ಬಾಯಲ್ಲಿ ಅವನು ಧಣಿಯ ಪರವಾಗಿ ದೂರದ ಊರಲ್ಲಿ ಕೂತು ವ್ಯವಹಾರ ಮಾಡುವವನಾದ. ಪೋರ್ಚುಗೀಸರಲ್ಲಿ ಅವನು ‘ಫೆಯ್ತೋರ್’, ಅವನಿರುವ ಜಾಗ ‘ಫೆಯ್ತೋರಿಯ’. ಇದಕ್ಕೆ ತೀರಾ ಹತ್ತಿರದ ಪದ ನಮ್ಮಲ್ಲೇ ಇದೆ: ಗುಮಾಸ್ತ. ಈಗ ಅವನು ಬರೀ ಕಡತ ಬರೆಯುವವನು, ಆದರೆ ಪಾರಸಿ ಮೂಲದಲ್ಲಿ ನೇಮಿಸಿ ಕಳಿಸಿದ ಪ್ರತಿನಿಧಿ. ಹಾಗೆ ನೋಡಿದರೆ ಫ್ಯಾಕ್ಟರಿ ಅಂದರೆ ಗುಮಾಸ್ತರ ಮನೆ, ಕಚೇರಿ, ಗೋದಾಮು ಮೂರೂ ಸೇರಿದ ಜಾಗ. ಈಸ್ಟ್ ಇಂಡಿಯಾ ಕಂಪನಿಯಲ್ಲಿ ‘ರೈಟರ್’ ಆಗಿ ಸೇರಿದವನಿಗೆ ಮುಂದಿನ ಬಡ್ತಿಯೇ ‘ಫ್ಯಾಕ್ಟರ್’. ಮರಾಠಿಯವರು ಇಂಗ್ಲಿಷರ ಫ್ಯಾಕ್ಟರಿಯನ್ನು ‘ವಖಾರ’, ಅಂದರೆ ಗೋದಾಮು, ಅಂದರು. ಎಷ್ಟು ಸರಿಯಾದ ಮಾತು!

ಇನ್ನೂ ಅನುಮಾನ ಇದ್ದರೆ ಈಗಿನ ಬೆಲ್ಜಿಯಂನ ಬಂದರು ಆಂಟ್‌ವರ್ಪ್ ನೋಡಿ. 16ನೇ ಶತಮಾನದ ಮೊದಲರ್ಧದಲ್ಲಿ ಪೋರ್ಚುಗಲ್ ರಾಜನ ಫೆಯ್ತೋರಿಯ ಅಲ್ಲಿತ್ತು. ನಮ್ಮ ಪಶ್ಚಿಮ ಕರಾವಳಿಯಿಂದ ಲಿಸ್ಬನ್‌ಗೆ ಹೋದ ಕಾಳುಮೆಣಸನ್ನು ರಾಜನ ಫೆಯ್ತೋರ್ ಅಲ್ಲಿ ಮಾರುತ್ತಿದ್ದ. ಮತ್ತೆ ಮೆಣಸು ಕೊಳ್ಳಲು ಬೇಕಾದ ತಾಮ್ರ, ಬೆಳ್ಳಿಯನ್ನು ಜರ್ಮನ್ ವ್ಯಾಪಾರಿಗಳಿಂದ ಪಡೆಯುತ್ತಿದ್ದ. 1549ರಲ್ಲಿ ಅದು ಮುಚ್ಚಿತು. ಕಾಳುಮೆಣಸು ಬಳ್ಳಿಯಲ್ಲಿ ಬೆಳೆಯುತ್ತದೆ, ಅದಕ್ಕೆಂಥ ಕಾರ್ಖಾನೆ, ಅಲ್ವಾ?

ವೆನಿಸ್‌ನಲ್ಲಿ ಜರ್ಮನರಿಗಾಗಿ ಇದ್ದ ‘ಫೊಂದಾಕೊ’ವನ್ನೂ ಕೆಲವರು ಫ್ಯಾಕ್ಟರಿ ಜೊತೆ ಸೇರಿಸುತ್ತಾರೆ. ಆ ಪದ ಬಂದದ್ದು ಅರಬ್ಬಿಯ ‘ಫುಂದುಕ್’ನಿಂದ, ಅಂದರೆ ಛತ್ರ. ಮನೆ, ಗೋದಾಮು ಅಲ್ಲೂ ಇದ್ದವು. ಆದರೆ ಅದು ಬೇರೆ: ಕಟ್ಟಡ ವೆನಿಸ್ ಸರ್ಕಾರದ್ದು. ಜರ್ಮನರು ಅಲ್ಲೇ ಉಳಿಯಬೇಕು, ಅಲ್ಲೇ ಮಾರಬೇಕು, ವೆನಿಸ್ ಅಧಿಕಾರಿಗಳ ಕಣ್ಣೆದುರೇ.

ಫ್ಯಾಕ್ಟರಿ ಅಂದರೆ ಯಂತ್ರಗಳ ಕಾರ್ಖಾನೆ ಎಂಬ ಅರ್ಥ ಗಟ್ಟಿಯಾದದ್ದು ಬಹಳ ಆಮೇಲೆ, ಇಂಗ್ಲೆಂಡಿನಲ್ಲಿ 1771ರಲ್ಲಿ ಶುರುವಾದ ಆರ್ಕ್‌ರೈಟ್‌ನ ಕ್ರೊಮ್‌ಫರ್ಡ್ ನೂಲಿನ ಗಿರಣಿಯಂಥವು ಬಂದ ಕಾಲದಲ್ಲಿ.

17ನೇ ಶತಮಾನದಲ್ಲಿ ಕಾರವಾರದಲ್ಲೂ ಇಂಗ್ಲಿಷರ ಫ್ಯಾಕ್ಟರಿ ಇತ್ತು. ಕಾಳುಮೆಣಸು, ಹುಬ್ಬಳ್ಳಿ ಕಡೆಯ ಬಟ್ಟೆ ಅಲ್ಲಿಂದ ಹಡಗು ಏರುತ್ತಿದ್ದವು. ಅದನ್ನು ಕಾರ್ಖಾನೆ ಅಂತ ಬರೆದರೆ ಆ ಬಟ್ಟೆ ನೇಯ್ದವರು ಕಂಪನಿಯವರು ಅಂತ ಆಗುತ್ತದೆ. ನೇಯ್ದವರು ಒಳನಾಡಿನ ನೇಕಾರರು, ಅವರವರ ಮನೆಯ ಮಗ್ಗದಲ್ಲಿ.