ಫಿಲಂನಲ್ಲಿ ಕಪ್ಪಾಗುವ ಬೆಳ್ಳಿ

ಬೀದರ್ ಕೋಟೆಯನ್ನು ಕಪ್ಪು-ಬಿಳುಪು ಫಿಲಂನಲ್ಲಿ ತೆಗೆಯಲು ಹೊರಟವರಿಗೆ ಮೊದಲ ತೊಡಕು ಬರುವುದು ಬಣ್ಣದಿಂದಲೇ. ಗೋಡೆಯೆಲ್ಲ ಕೆಂಪು ಜಂಬಿಟ್ಟಿಗೆ ಕಲ್ಲು. ಮೇಲೆ ನೀಲಿ ಆಕಾಶ. ಕಣ್ಣಿಗೆ ಎರಡೂ ಎಷ್ಟು ಬೇರೆ ಬೇರೆ, ಅಲ್ವಾ? ಆದರೆ ಈ ಫಿಲಂಗೆ ಬೆಳಕು ಎಷ್ಟು ಬಂತು ಅನ್ನುವುದಷ್ಟೇ ಲೆಕ್ಕ. ಹಾಗಾಗಿ ಗೋಡೆಯೂ ಆಕಾಶವೂ ಒಂದೇ ಬೂದು ಬಣ್ಣಕ್ಕೆ ಇಳಿದುಬಿಡಬಹುದು.

ಇದಕ್ಕೆ ಮದ್ದು ಲೆನ್ಸ್ ಮುಂದೆ ಹಾಕುವ ಕೆಂಪು ಫಿಲ್ಟರ್. ಅದು ಕೆಂಪು ಬೆಳಕನ್ನು ಒಳಗೆ ಬಿಡುತ್ತದೆ, ನೀಲಿಯನ್ನು ತಡೆಯುತ್ತದೆ. ಆಕಾಶ ಕಪ್ಪಾಗಿ, ಗೋಡೆಯ ಒಂದೊಂದು ಕಲ್ಲೂ ಬೆಳಗಿ ಎದ್ದು ಕಾಣುತ್ತದೆ. ಬದಲಿಗೆ ಸುಮಾರು 3 ಸ್ಟಾಪ್, ಅಂದರೆ ಎಂಟು ಪಟ್ಟು ಜಾಸ್ತಿ ಬೆಳಕು ಕೊಡಬೇಕು. ನಮ್ಮ ಕಡೆಯ ಬಿಸಿಲಿಗೆ ಅದೇನು ಕಷ್ಟವಲ್ಲ. 100 ಐಎಸ್‌ಒ (ಬೆಳಕಿಗೆ ಫಿಲಂ ಎಷ್ಟು ಚುರುಕು ಅನ್ನುವ ಅಳತೆ) ಫಿಲಂಗೆ ಹೊಡೆಯುವ ಬಿಸಿಲಲ್ಲಿ ಲೆನ್ಸಿನ ಕಂಡಿ ಎಫ್ 16, ಶಟರ್ ಸೆಕೆಂಡಿನ 125ನೇ ಒಂದು ಭಾಗ ಅನ್ನುವುದು ಹಳೆಯ ಲೆಕ್ಕ. ಕೆಂಪು ಫಿಲ್ಟರ್ ಹಾಕಿದರೆ ಅದೇ ಶಟರ್ ವೇಗಕ್ಕೆ ಕಂಡಿಯನ್ನು ಎಫ್ 5.6ಕ್ಕೆ ಹಿಗ್ಗಿಸಿದರಾಯಿತು.

ಅದೇ ಫಿಲ್ಟರ್ ಹಾಕಿಕೊಂಡು ಮಹಮೂದ್ ಗವಾನ್ 1472ರಲ್ಲಿ ಕಟ್ಟಿಸಿದ ಮದರಸಾ ಮುಂದೆ ನಿಂತರೆ ಮಾತ್ರ ಕೆಲಸ ಕೆಡುತ್ತದೆ. ಅಲ್ಲಿ ಉಳಿದಿರುವ ಮಿನಾರಿನ ಬಣ್ಣದ ಹೆಂಚುಗಳಲ್ಲಿ ನೀಲಿಯೇ ಜೀವ. ಕೆಂಪು ಫಿಲ್ಟರ್ ಆ ನೀಲಿಯನ್ನು ಕಪ್ಪು ಮಾಡುತ್ತದೆ. ಬಿಳಿ, ಹಳದಿ ಹೆಂಚುಗಳು ಒಂದರೊಳಗೊಂದು ಕಲೆತುಹೋಗುತ್ತವೆ. ಅಲ್ಲಿ ಫಿಲ್ಟರ್ ಇಲ್ಲದೆ ತೆಗೆಯುವುದೇ ವಾಸಿ ಅಂತ ನನ್ನ ಅನಿಸಿಕೆ.

ನಿಜ ಹೇಳಬೇಕೆಂದರೆ, ಫಿಲಂಗೆ ಕೆಂಪು ಬೆಳಕು ತಟ್ಟುವುದೇ ಒಂದು ಗೆಲುವು. ಫಿಲಂ ಮೇಲಿರುವ ಸಿಲ್ವರ್ ಬ್ರೋಮೈಡ್ ತಾನಾಗಿ ಸ್ಪಂದಿಸುವುದು ನೀಲಿ, ನೇರಳೆಯ ಕಡೆಯ ಬೆಳಕಿಗೆ ಮಾತ್ರ. ಹಳೆಯ ಗಾಜಿನ ಪ್ಲೇಟುಗಳಲ್ಲಿ ಕೆಂಪು ವಸ್ತು ಕಪ್ಪಾಗಿಯೇ ಬರುತ್ತಿತ್ತು. 1873ರಲ್ಲಿ ಜರ್ಮನಿಯ ಹರ್ಮನ್ ಫೋಗೆಲ್, ಕೆಲವು ಬಣ್ಣದ ಪುಡಿಗಳನ್ನು ಸೇರಿಸಿದರೆ ಸಿಲ್ವರ್ ಬ್ರೋಮೈಡ್ ಬೇರೆ ಬಣ್ಣಗಳಿಗೂ ಸ್ಪಂದಿಸುತ್ತದೆ ಎಂದು ಕಂಡುಕೊಂಡರು. ಇವತ್ತಿನ ಫಿಲಂನಿಂದ ಮಾಡಿದ ಚಿತ್ರದಲ್ಲಿ ಕೋಟೆಯ ಗೋಡೆ ಬೆಳ್ಳಗೆ ಬರುತ್ತಿದ್ದರೆ ಅದಕ್ಕೆ ಬುನಾದಿ ಆ ಕೆಲಸ.

ಶಟರ್ ಒತ್ತಿದ ಆ ಗಳಿಗೆಯಲ್ಲಿ ಒಳಗೆ ಏನಾಗುತ್ತದೆ? ಜೆಲಟಿನ್ ಪದರದಲ್ಲಿ ಸಿಲ್ವರ್ ಬ್ರೋಮೈಡ್‌ನ ಸಣ್ಣ ಸಣ್ಣ ಹರಳುಗಳಿವೆ. ಬೆಳಕು ಬಿದ್ದ ಹರಳಿನಲ್ಲಿ ಒಂದು ಎಲೆಕ್ಟ್ರಾನ್ ಬಿಡಿಸಿಕೊಂಡು ಹೋಗಿ ಒಂದು ಕಡೆ ಸಿಕ್ಕಿಬೀಳುತ್ತದೆ. ಅದರ ಹತ್ತಿರ ಬಂದ ಬೆಳ್ಳಿ ಅಯಾನು ಬೆಳ್ಳಿ ಪರಮಾಣು ಆಗುತ್ತದೆ. ಹೀಗೆ ನಾಲ್ಕಾರು ಪರಮಾಣುಗಳು ಒಂದೇ ಜಾಗದಲ್ಲಿ ಕೂಡಿದರೆ ಸಾಕು, ಆ ಹರಳು ಗುರುತಾಯಿತು. ಹರಳಿನಲ್ಲಿ ಇರುವ ಬೆಳ್ಳಿ ನೂರಾರು ಕೋಟಿ ಪರಮಾಣು. ಅದರಲ್ಲಿ ಬದಲಾದದ್ದು ನಾಲ್ಕಾರು! ಯಾವ ಸೂಕ್ಷ್ಮದರ್ಶಕದಲ್ಲಿ ನೋಡಿದರೂ ಆ ಚಿತ್ರ ಕಾಣುವುದಿಲ್ಲ. ನನಗಂತೂ ಇಡೀ ಫೋಟೋಗ್ರಫಿಯಲ್ಲಿ ಇದಕ್ಕಿಂತ ದೊಡ್ಡ ಬೆರಗು ಇನ್ನೊಂದಿಲ್ಲ.

ಆ ಚಿತ್ರವನ್ನು ಕಣ್ಣಿಗೆ ತರುವುದು ಡೆವಲಪರ್. 1927ರಿಂದ ಬಳಕೆಯಲ್ಲಿರುವ ಡಿ-76 ಎಂಬುದನ್ನು ಮನೆಯಲ್ಲೇ ಕಲಸಬಹುದು. ಒಂದು ಲೀಟರಿಗೆ 2 ಗ್ರಾಂ ಮೆಟಾಲ್, 100 ಗ್ರಾಂ ಸೋಡಿಯಂ ಸಲ್ಫೈಟ್, 5 ಗ್ರಾಂ ಹೈಡ್ರೋಕ್ವಿನೋನ್, 2 ಗ್ರಾಂ ಬೋರಾಕ್ಸ್. ಡೆವಲಪರ್ ಎಲ್ಲ ಹರಳುಗಳಿಗೂ ಎಲೆಕ್ಟ್ರಾನ್ ಕೊಟ್ಟು ಬೆಳ್ಳಿಯಾಗಿಸಲು ಸಿದ್ಧವಾಗಿಯೇ ಇರುತ್ತದೆ. ಆದರೆ ಬೆಳ್ಳಿಯ ಆ ಚುಕ್ಕೆ ಇರುವ ಹರಳಿನಲ್ಲಿ ಕೆಲಸ ಬೇಗ ಆಗುತ್ತದೆ, ಇಲ್ಲದ ಹರಳಿನಲ್ಲಿ ತುಂಬಾ ನಿಧಾನ. ಚಿತ್ರ ಅಂದರೆ ಈ ಬೇಗ-ನಿಧಾನದ ವ್ಯತ್ಯಾಸವೇ.

ಈಗ ನಮ್ಮ ಬೇಸಿಗೆಯ ವಿಷಯಕ್ಕೆ ಬರೋಣ. ಡಬ್ಬಿಯ ಮೇಲಿನ ಸೂಚನೆ ಸಾಮಾನ್ಯವಾಗಿ 20 ಡಿಗ್ರಿಗೆ ಬರೆದಿರುತ್ತದೆ. ಮೇ ತಿಂಗಳಲ್ಲಿ ಮಾಳಿಗೆ ಮೇಲಿನ ಟ್ಯಾಂಕಿನ ನೀರು ನಲ್ಲಿಯಲ್ಲಿ ಬಂದರೆ ಕೈ ಇಡಲಾಗುವುದಿಲ್ಲ. ಬಿಸಿ ಹೆಚ್ಚಿದಂತೆ ಡೆವಲಪರಿನ ವೇಗವೂ ಹೆಚ್ಚುತ್ತದೆ. 20 ಡಿಗ್ರಿಯಲ್ಲಿ 10 ನಿಮಿಷದ ಕೆಲಸ 24 ಡಿಗ್ರಿಯಲ್ಲಿ ಸುಮಾರು 7 ನಿಮಿಷಕ್ಕೆ ಮುಗಿಯುತ್ತದೆ. ಇನ್ನೂ ಬಿಸಿಯಾದರೆ ಸಮಯ 5 ನಿಮಿಷಕ್ಕಿಂತ ಕೆಳಗಿಳಿದು, ಫಿಲಂ ಮೇಲೆ ಎಲ್ಲ ಕಡೆ ಒಂದೇ ಸಮ ಕೆಲಸ ಆಗುವುದಿಲ್ಲ. ಬೆಳಕು ಕಾಣದ ಹರಳುಗಳೂ ಕಪ್ಪಾಗಲು ಶುರುವಾಗಿ ಮಬ್ಬು ಹಿಡಿಯುತ್ತದೆ. ಜೆಲಟಿನ್ ಬೇರೆ ಮೆತ್ತಗಾಗುತ್ತದೆ.

ಇಲ್ಲಿ ಕೈಹಿಡಿಯುವುದು ಮಣ್ಣಿನ ಗಡಿಗೆ. ಗಡಿಗೆಯ ಮೈಯಿಂದ ಜಿನುಗಿದ ನೀರು ಆವಿಯಾಗುವಾಗ ಒಳಗಿನ ನೀರಿನ ಬಿಸಿಯನ್ನು ಎಳೆದುಕೊಳ್ಳುತ್ತದೆ. ಹವೆ ಒಣಗಿದ್ದಷ್ಟೂ ಆವಿ ಜಾಸ್ತಿ, ತಂಪೂ ಜಾಸ್ತಿ. ಬೀದರ್, ಕಲಬುರಗಿ, ಯಾದಗಿರಿಯ ಬೇಸಿಗೆ ಒಣ ಬೇಸಿಗೆ. ಹೊರಗೆ 40 ಡಿಗ್ರಿ ಇದ್ದಾಗಲೂ ನೆರಳಲ್ಲಿಟ್ಟ ಗಡಿಗೆ ನೀರು 25ರ ಆಸುಪಾಸಿನಲ್ಲಿ ಸಿಗುತ್ತದೆ. ಮಂಗಳೂರಿನ ತೇವದ ಹವೆಯಲ್ಲಿ ಇಷ್ಟು ತಂಪು ಸಿಗದು. ಗಡಿಗೆ ನೀರನ್ನು ಬಕೆಟ್ಟಿಗೆ ಸುರಿದು, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿದ ಐಸ್ ಅದರಲ್ಲಿ ಬಿಟ್ಟು, ಡೆವಲಪರ್, ಮುಂದೆ ಹೇಳುವ ಹೈಪೋ, ತೊಳೆಯುವ ನೀರು ಎಲ್ಲದರ ಬಾಟಲಿಗಳನ್ನೂ ಅದರಲ್ಲೇ ನಿಲ್ಲಿಸುತ್ತೇನೆ. ಥರ್ಮಾಮೀಟರ್ 24 ತೋರಿಸುವವರೆಗೆ ಕಾಯುವುದು. 20ಕ್ಕೇ ಇಳಿಸಬೇಕೆಂಬ ಹಟ ಬೇಡ. ಎಲ್ಲವೂ ಒಂದೇ ಬಿಸಿಯಲ್ಲಿರುವುದು ಮುಖ್ಯ. ತಣ್ಣನೆಯದರಿಂದ ಬಿಸಿಯದಕ್ಕೆ ಫಿಲಂ ಒಮ್ಮೆಲೇ ಹೋದರೆ ಜೆಲಟಿನ್ ಸುಕ್ಕುಗಟ್ಟುವ ಭಯ ಇರುತ್ತದೆ.

ಫಿಲಂ ಮೇಲೆ ಬೆಳಕು ಬಿದ್ದ ಕಡೆ ಕಪ್ಪಾಗುತ್ತದೆ, ಪ್ರಿಂಟ್ ಮಾಡಿದಾಗ ಅದೇ ಜಾಗ ಬೆಳ್ಳಗೆ ಬರುತ್ತದೆ. ಎಲ್ಲ ಮುಗಿದ ಮೇಲೆ ಫಿಲಂ ಡೆವಲಪ್ ಮಾಡುವ ಟ್ಯಾಂಕ್ ತೆರೆದು ರೀಲು ಬಿಚ್ಚಿದಾಗ ಕಾಣುವ ಕಪ್ಪು ಯಾವುದು ಗೊತ್ತೇ? ಅದು ಬೆಳ್ಳಿಯೇ. ಬೀದರಿನಲ್ಲಿ ಇದನ್ನು ನಂಬುವುದು ಸ್ವಲ್ಪ ಕಷ್ಟ. ಯಾಕೆಂದರೆ ನಮ್ಮ ಬಿದರಿ ಕೆಲಸದಲ್ಲಿ ನಡೆಯುವುದು ಪೂರ್ತಿ ಉಲ್ಟಾ. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದ ಪಾತ್ರೆಗೆ ಕುಶಲಕರ್ಮಿಗಳು ಮೊದಲು ಮೈಲುತುತ್ತದ ನೀರು ಸವರುತ್ತಾರೆ. ಮೈ ಕಪ್ಪಾಗಿ, ಉಳಿಯಿಂದ ಕೊರೆದ ಗೆರೆ ಹೊಳೆದು ಕಾಣುತ್ತದೆ. ಆ ಗೆರೆಗೆ ಬೆಳ್ಳಿ ತಂತಿ ಕೂರಿಸಿ ಸುತ್ತಿಗೆಯಿಂದ ತಟ್ಟಿ, ಉಜ್ಜಿ ನಯ ಮಾಡುತ್ತಾರೆ. ಕೊನೆಗೆ ಕೋಟೆಯ ಹಳೆಯ ಮಣ್ಣು, ನವಸಾಗರ ಸೇರಿಸಿ ಹಚ್ಚಿದಾಗ ಸತುವಿನ ಮೈ ಕಾಯಂ ಕಪ್ಪಾಗುತ್ತದೆ. ಬೆಳ್ಳಿಗೆ ಏನೂ ಆಗುವುದಿಲ್ಲ, ಬೆಳ್ಳಗೆ ಉಳಿಯುತ್ತದೆ.

ಎರಡೂ ಕಡೆ ಇರುವುದು ಅದೇ ಬೆಳ್ಳಿ. ವ್ಯತ್ಯಾಸ ಇರುವುದು ಅದರ ಆಕಾರದಲ್ಲಿ. ಬಿದರಿಯ ತಂತಿ ನಯವಾಗಿದೆ, ಬಿದ್ದ ಬೆಳಕನ್ನು ಹಿಂದಕ್ಕೆ ಕಳಿಸುತ್ತದೆ. ಫಿಲಂನಲ್ಲಿ ಒಂದೊಂದು ಹರಳೂ ಸಿಕ್ಕುಬಿದ್ದ ಉಣ್ಣೆಯ ಹಾಗೆ ಬೆಳ್ಳಿಯ ಸಣ್ಣ ಎಳೆಗಳ ಗಂಟಾಗಿರುತ್ತದೆ. ಬೆಳಕು ಅದರೊಳಗೆ ಹೊಕ್ಕು, ಎಳೆಯಿಂದ ಎಳೆಗೆ ಬಡಿದು ಅಲ್ಲೇ ಇಂಗಿಹೋಗುತ್ತದೆ. ಹಾಗಾಗಿ ಕಣ್ಣಿಗೆ ಕಪ್ಪು.

ಇನ್ನು ಹೇಳಲು ಉಳಿದದ್ದು ಡೆವಲಪರ್ ಆದ ಮೇಲೆ ಟ್ಯಾಂಕಿಗೆ ಹಾಕುವ ಹೈಪೋ, ಅಂದರೆ ಸೋಡಿಯಂ ಥಯೋಸಲ್ಫೇಟ್. ಅದು ಬೆಳ್ಳಿಯ ಲವಣವನ್ನು ಕರಗಿಸುತ್ತದೆ ಎಂದು ಜಾನ್ ಹರ್ಷೆಲ್ 1819ರಲ್ಲೇ ಬರೆದಿದ್ದರು. ಅದು ಫೋಟೋಗ್ರಫಿಯ ಕೆಲಸಕ್ಕೆ ಬಂದದ್ದು 20 ವರ್ಷ ಆದ ಮೇಲೆ. ಬೆಳಕು ಕಾಣದ ಹರಳುಗಳೆಲ್ಲ ಇದರಲ್ಲಿ ಕರಗಿಹೋಗುತ್ತವೆ. ಆಮೇಲೆ ಫಿಲಂ ಚೆನ್ನಾಗಿ ತೊಳೆಯಬೇಕು. ಹೈಪೋ ಉಳಿದರೆ ವರ್ಷಗಳು ಕಳೆದಂತೆ ಚಿತ್ರ ಹಳದಿಗಟ್ಟುತ್ತದೆ. ಹಾಗಂತ ನಲ್ಲಿ ಬಿಟ್ಟು ಅರ್ಧ ಗಂಟೆ ನೀರು ಹರಿಸುವುದು ನಮ್ಮೂರಿಗೆ ಒಗ್ಗುವ ಮಾತಲ್ಲ. ಇಲ್ಫೋರ್ಡ್ ಕಂಪನಿ ಹೇಳುವ ವಿಧಾನ ನನಗೆ ತುಂಬಾ ಹಿಡಿಸಿದೆ. ಟ್ಯಾಂಕಿಗೆ ನೀರು ತುಂಬಿ 5 ಸಲ ಮಗುಚಿ ಚೆಲ್ಲುವುದು, ಮತ್ತೆ ತುಂಬಿ 10 ಸಲ, ಇನ್ನೊಮ್ಮೆ 20 ಸಲ. ಮೂರು ಟ್ಯಾಂಕ್ ನೀರಿನಲ್ಲಿ ಕೆಲಸ ಆಯಿತು.

ಕೊನೆಯ ಅದ್ದು ಮಾತ್ರ ಡಿಸ್ಟಿಲ್ಡ್ ವಾಟರ್‌ನಲ್ಲೇ ಆಗಬೇಕು. ಬ್ಯಾಟರಿ ಅಂಗಡಿಯಲ್ಲಿ ಸಿಗುತ್ತದೆ. ಕಲಬುರಗಿ ಕಡೆ ಇದು ಇನ್ನೂ ಮುಖ್ಯ. ಶಹಾಬಾದ್ ಕಲ್ಲು ಸುಣ್ಣದಕಲ್ಲು, ಅಂಥ ನೆಲದ ಬೋರ್‌ವೆಲ್ ನೀರು ಗಡಸು. ಹನಿ ಒಣಗಿದ ಕಡೆ ಸುಣ್ಣದ ಕಲೆ ಉಳಿದು, ದೊಡ್ಡದು ಮಾಡಿ ನೋಡಿದರೆ ಆಕಾಶದ ತುಂಬ ಚುಕ್ಕೆ ಕಾಣುತ್ತವೆ.

ಬಳಸಿದ ಹೈಪೋದಲ್ಲಿ ಈಗ ಬೆಳ್ಳಿ ಕರಗಿದೆ. ಅದನ್ನು ಮೋರಿಗೋ ಹಿತ್ತಲಿಗೋ ಸುರಿಯಬಾರದು. ಬೀದರಿನ ಜಂಬಿಟ್ಟಿಗೆ ನೆಲದಲ್ಲಿ ನೀರು ಬೇಗ ಇಂಗುತ್ತದೆ. ಹಳಬರು ಇಲ್ಲಿ ಕಾರೇಜ್ ಎಂಬ ನೆಲದೊಳಗಿನ ಕಾಲುವೆ ತೋಡಿ ಊರಿಗೆ ನೀರು ತಂದದ್ದು ಆ ಇಂಗಿದ ನೀರನ್ನು ಹಿಡಿದೇ. ನೀರಿನ ಸೂಕ್ಷ್ಮಜೀವಿಗಳಿಗೆ ಬೆಳ್ಳಿ ಆಗಿಬರುವುದಿಲ್ಲ. ಹಳೆ ಹೈಪೋವನ್ನು ಪ್ಲಾಸ್ಟಿಕ್ ಕ್ಯಾನಿನಲ್ಲಿ ಹಾಕಿ, ನಯವಾದ ಸ್ಟೀಲ್ ವುಲ್ ಅದರಲ್ಲಿ ಮುಳುಗಿಸಿಡಬೇಕು. ಕಬ್ಬಿಣ ಕರಗಿ ನೀರಿಗೆ ಇಳಿಯುತ್ತದೆ, ಅದರ ಜಾಗದಲ್ಲಿ ಬೆಳ್ಳಿ ಹೊರಬಂದು ಕ್ಯಾನಿನ ತಳದಲ್ಲಿ ಕಪ್ಪು ಕೆಸರಾಗಿ ಕೂರುತ್ತದೆ.